ಲೇಹ್‌ನ ಬಿಸಿಲು, ನಮ್ಮನೆ ಅಟ್ಟದ ಹೊಗೆ

ತೀರ್ಥಹಳ್ಳಿ
ಪುಷ್ಯ ಮಳೆ

ಮಾರಾಯ,

ನೀನು ಕಟ್ಟಿಕೊಟ್ಟ ಒಣ ಏಪ್ರಿಕಾಟ್‌ಗೆ ಬೂಸ್ಟು ಬಂತು. ವರ್ಷವಿಟ್ಟರೂ ಏನೂ ಆಗಲ್ಲ ಅಂದಿದ್ದೆ. ಲೇಹ್‌ನಲ್ಲಿ ಆಗಲ್ಲ, ನಿಜ. ಇಲ್ಲಿ ಎಂಟನೇ ದಿನಕ್ಕೇ ಮೆತ್ತಗಾಗಿ, ಬಿಳಿ ಕೂದಲು ಬಿಟ್ಟುಕೊಂಡು ಕೂತಿತ್ತು. ಚೆನ್ನಾಗಿದ್ದದ್ದನ್ನು ಆರಿಸಿ ಅಮ್ಮ ಬಚ್ಚಲೊಲೆ ಮೇಲಿನ ಅಟ್ಟಕ್ಕೆ ಹಾಕಿದ್ದಾಳೆ. ಅದರ ಪಕ್ಕದಲ್ಲೇ ನನ್ನ ಎರಡು ಪ್ಯಾಂಟು, ನಾಲ್ಕು ದಿನದಿಂದ ನೇತಾಡುತ್ತಿವೆ.

ಊರು ಮುಟ್ಟಿ ಎರಡು ವಾರವಾಯ್ತು. ಒಂದು ದಿನವೂ ಸೂರ್ಯ ಕಂಡಿಲ್ಲ. ಕರೆಂಟ್ ಅಂತೂ ಬಂದರೆ ನೆಂಟರು ಬಂದ ಹಾಗೆ. ಅದಕ್ಕೇ ಈ ಪತ್ರ ಇಷ್ಟು ತಡ.

ನಿನಗೆ ಲಡಾಖ್‌ನ ಲೇಹ್‌ಗೆ ವರ್ಗ ಆದಾಗ ನಾನು ಅಂದುಕೊಂಡಿದ್ದೇ ಬೇರೆ. ನಮ್ಮ ತಲೆಯಲ್ಲಿ ಗುಡ್ಡ ಅಂದರೆ ಮಳೆ ಅಲ್ವಾ? ನಾವಿರುವುದು 600 ಮೀಟರ್ ಆಸುಪಾಸು, ಆಗುಂಬೆ ಇನ್ನೊಂಚೂರು ಮೇಲೆ, ಅಷ್ಟಕ್ಕೇ ಈ ಗತಿ. ಇನ್ನು 3,500 ಮೀಟರಿನಲ್ಲಿರುವ ಊರು ಆಗುಂಬೆಯ ದೊಡ್ಡಣ್ಣನೇ ಇರಬೇಕು ಅಂತ ಕೊಡೆ ಹಿಡ್ಕೊಂಡೇ ಬಂದಿದ್ದೆ. ವಿಮಾನ ಇಳಿದು ನೋಡಿದರೆ ಹುರಿದ ಬೋಳು ಗುಡ್ಡ. ನೀನು ಕೊಡೆ ನೋಡಿ ನಕ್ಕಿದ್ದು ಇನ್ನೂ ಮರೆತಿಲ್ಲ ನಾನು.

ಎತ್ತರ ಚಳಿ ಕೊಡುತ್ತೆ, ಮಳೆ ಕೊಡಲ್ಲ. ಇದು ಶಾಲೆಯಲ್ಲಿ ಓದಿದ್ದೇ, ಆದರೆ ತುಟಿ ಒಡೆದು ರಕ್ತ ಬರುವವರೆಗೆ ಒಳಗೆ ಇಳಿದಿರಲಿಲ್ಲ. ಅರಬ್ಬೀ ಸಮುದ್ರದ ಗಾಳಿ ನೇರ ಬಂದು ನಮ್ಮ ಘಟ್ಟಕ್ಕೆ ಡಿಕ್ಕಿ ಹೊಡೆಯುತ್ತೆ, ಮೇಲೆ ಹತ್ತುವಾಗ ತಣ್ಣಗಾಗಿ ಇದ್ದಬದ್ದ ನೀರನ್ನೆಲ್ಲ ಇಲ್ಲೇ ಸುರಿದು, ಶಿವಮೊಗ್ಗಕ್ಕೆ ಹೋಗುವಷ್ಟರಲ್ಲಿ ಜಿಟಿಜಿಟಿ ಆಗಿರುತ್ತೆ. ನಿನ್ನೂರಿನ ಕಥೆಯೂ ಅದೇ, ಆದರೆ ನೀನಿರುವುದು ಬೇಲಿಯ ಆಚೆ ಬದಿ. ಹಿಮಾಲಯ ದಾಟಿ ಮೋಡ ಬರುವುದೇ ಅಪರೂಪ. ಲೇಹ್‌ಗೆ ವರ್ಷವಿಡೀ ಬೀಳುವುದು ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ದಿನಕ್ಕೇ ಅಷ್ಟಾದರೆ ಯಾರೂ ತಲೆ ಎತ್ತಿ ನೋಡಲ್ಲ. ಇದನ್ನ ಹೇಳಿದರೆ ನಮ್ಮಪ್ಪ ನಂಬಲಿಲ್ಲ. 'ಹಾಗಾದ್ರೆ ಗದ್ದೆಗೆ ನೀರು?' ಅಂತ ಕೇಳಿದರು.

ಅವರಿಗೆ ನಾನು ನಿನ್ನ ಮನೆ ಹಿಂದಿನ ಕಾಲುವೆ ಕಥೆ ಹೇಳಿದೆ. ಬೆಳಿಗ್ಗೆ ಬೆರಳು ಮುಳುಗುವಷ್ಟು ನೀರು, ಮಧ್ಯಾಹ್ನ ದಾಟಿದ ಮೇಲೆ ಬುಳುಬುಳು ಏರಿ, ಸಂಜೆಗೆ ಕಾಲಿಟ್ಟರೆ ಎಳೆಯುವಷ್ಟಾಗಿತ್ತಲ್ಲ. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ! ಮೇಲೆಲ್ಲೋ ಬಿಸಿಲಿಗೆ ಹಿಮ ಕರಗಿದ್ದು ಇಲ್ಲಿಗೆ ಬರೋದಕ್ಕೆ ಇಷ್ಟು ಹೊತ್ತು ಬೇಕು ಅಂದೆ ನೀನು. ಬಿಸಿಲು ಜಾಸ್ತಿ ಆದಷ್ಟೂ ಹೊಳೆ ಏರುತ್ತೆ ಅಂದರೆ ತುಂಗೆ ದಡದಲ್ಲಿ ಹುಟ್ಟಿದವನಿಗೆ ಹೇಗಾಗಬೇಡ. ನಮಗೆ ಶೃಂಗೇರಿ ಕಡೆ ಕಪ್ಪಾದರೆ ಎದೆ ಧಸಕ್ ಅನ್ನುತ್ತೆ. ಶಿವಮೊಗ್ಗದವರಂತೂ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ನೋಡಿಯೇ ಮಳೆ ಅಳೆಯೋದು.

ನಿಮ್ಮ ಮನೆಗಳ ಸೂರು ನೋಡಿ ಮಾತ್ರ ಹೆದರಿಕೆಯಾಯ್ತು. ಹಸಿ ಇಟ್ಟಿಗೆ ಗೋಡೆ, ಮೇಲೆ ಮಣ್ಣು ಹಾಸಿದ ಚಪ್ಪಟೆ ಸೂರು, ಬಯಲುಸೀಮೆಯ ಮಾಳಿಗೆ ಮನೆ ಥರ. 2010ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಮೇಘಸ್ಫೋಟವಾಗಿ ಇನ್ನೂರಕ್ಕೂ ಜಾಸ್ತಿ ಜನ ಸತ್ತರಲ್ಲ, ಕೆಸರು ನೀರು ನುಗ್ಗಿದರೆ ಅಂಥ ಮಣ್ಣಿನ ಮನೆ ನಿಲ್ಲಲ್ಲ ಅನ್ನೋದು ನೋಡಿದ ಮೇಲೆ ಅರ್ಥವಾಯ್ತು. ಮಳೆಯೇ ಇಲ್ಲದ ಊರಿಗೆ ಮಳೆ ಬಂದರೆ ಅದನ್ನ ತಡೆಯುವ ಮನೆ ಎಲ್ಲಿಂದ ಬರಬೇಕು?

ಹಾಂ, ಕುಚ್ಚಲಕ್ಕಿ! ಮೊದಲ ದಿನ ಪಾತ್ರೆಯಲ್ಲಿಟ್ಟು ಎರಡು ತಾಸು ಕುದಿಸಿದೆ, ಕಲ್ಲು. ಆ ಎತ್ತರಕ್ಕೆ ನೀರು 88 ಡಿಗ್ರಿಗೇ ಕುದಿಯುತ್ತಂತೆ, ಕೊತಕೊತ ಅಂದರೂ ಸಾಕಷ್ಟು ಬಿಸಿ ಇರಲ್ಲ. ಕುಕ್ಕರ್ ಇಲ್ಲದಿದ್ದರೆ ಗಂಜಿ ಆಸೆ ಬಿಡಬೇಕು. ಆದರೆ ಹಪ್ಪಳದ ವಿಷಯದಲ್ಲಿ ನಿನ್ನೂರೇ ಗೆದ್ದಿತು. ಒದ್ದೆ ಟವೆಲ್ ಹಾಕಿ ಚಾ ಕುಡಿದು ಬರುವಷ್ಟರಲ್ಲಿ ಅದು ಹಪ್ಪಳದ ಥರ ಸೆಟೆದು ನಿಂತಿತ್ತು. ಅಮ್ಮನಿಗೆ ಹೇಳಿದರೆ ಕಣ್ಣು ಅರಳಿಸಿ, 'ಹಲಸಿನ ಹಿಟ್ಟು ರುಬ್ಬಿ ಕಳಿಸ್ಲಾ ಅವನಿಗೆ, ಒಣಗಿಸಿ ವಾಪಸ್ ಕಳಿಸ್ತಾನಾ?' ಅಂತಾಳೆ. ಅವಳು ತಮಾಷೆ ಮಾಡುತ್ತಿಲ್ಲ ಅನ್ನೋದು ನೆನಪಿರಲಿ.

ತೋಟದಲ್ಲಿ ಒಂದು ಸಲ ಔಷಧಿ ಹೊಡೆಸಿದ್ದು, ಎರಡನೆಯದಕ್ಕೆ ಮಳೆ ಎರಡು ದಿನ ಬಿಡಬೇಕು, ಬಿಡುತ್ತಿಲ್ಲ. ಅಡಿಕೆಗೆ ಕೊಳೆರೋಗ ಶುರುವಾದ ಹಾಗಿದೆ. ನಿನ್ನೆ ಅಪ್ಪ ನಾಲ್ಕು ಉದುರಿದ ಅಡಿಕೆ ಕಾಯಿ ತಂದು ಜಗುಲಿಯಲ್ಲಿಟ್ಟು, ಏನೂ ಮಾತಾಡದೆ ಕೂತಿದ್ದರು. ಆಗ ನಿನ್ನೂರಿನ ಆ ಹಾಳು ಬಿಸಿಲು ಒಂದು ವಾರದ ಮಟ್ಟಿಗೆ ಸಾಲ ಸಿಕ್ಕರೆ ಅನ್ನಿಸಿತು.

ಏಪ್ರಿಕಾಟ್ ಈಗ ಪೂರ್ತಿ ಹೊಗೆ ಹೊಗೆ. ಇವತ್ತು ಒಂದು ಬಾಯಿಗೆ ಹಾಕಿಕೊಂಡೆ. ತಿನ್ನಬಹುದು ಮಾರಾಯ, ಪರವಾಗಿಲ್ಲ.

ನಿನ್ನ,
ಕೊಡೆ ತಂದವನು