ಕಣ್ಣಿಗೆ ಎರಡು, ಕಿವಿಗೆ ಒಂದೇ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಭಾಷಾ ಪುಟದ ಫ್ರೆಂಚ್ ಪಾಠದಲ್ಲಿ 'ಮಾತಾಡು' ಕ್ರಿಯಾಪದದ ರೂಪಗಳನ್ನು ಬಿಡಿಸಿ ಕೊಟ್ಟಿದ್ದಿರಿ. 'ಅವರು ಮಾತಾಡುತ್ತಾರೆ' ಎನ್ನುವುದಕ್ಕೆ 'ಪಾರ್-ಲಾಂ' ಎಂದು ಅಚ್ಚಾಗಿದೆ. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದರು. ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು.

ಅದರ ಉಚ್ಚಾರ ಬರೀ 'ಪಾರ್ಲ್'. ಒಂದೇ ಸಿಲಬಲ್. ಕೊನೆಯ ಇ, ಎನ್, ಟಿ ಮೂರೂ ಬಾಯಿ ಬಿಡುವುದಿಲ್ಲ. ನಾನು, ನೀನು, ಅವನು, ಅವರು ಎಂಬ ನಾಲ್ಕಕ್ಕೆ ಬರಹದಲ್ಲಿ ಮೂರು ರೂಪ, ಕಿವಿಗೆ ಮಾತ್ರ ಒಂದೇ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದರೆ ಆ ಪದವನ್ನು ಎರಡು ತುಂಡು ಮಾಡಿ ಅಡ್ಡಗೆರೆ ಹಾಕುವುದು ಸರಿಯೇ. ಆದರೆ ಅದು ಅಚ್ಚಿನ ಲೆಕ್ಕ, ನಾಲಿಗೆಯದ್ದಲ್ಲ. ನಿಮ್ಮ ಪಾಠದಲ್ಲಿ ಇವೆರಡೂ ಕಲಸಿಹೋಗಿವೆ.

ಗೊಂದಲಕ್ಕೆ ಕಾರಣವೂ ಇದೆ, ಒಪ್ಪುತ್ತೇನೆ. ಕ್ರಿಯಾಪದವಲ್ಲದ ಕಡೆ ಅದೇ ಮೂರು ಅಕ್ಷರ 'ಆಂ' ಆಗುತ್ತವೆ. ಫ್ರೆಂಚ್ ಕಲಿಸುವವರ ಒಂದು ಹಳೆಯ ವಾಕ್ಯವಿದೆ: 'ಲೆ ಪೂಲ್ ದ್ಯು ಕುವಾಂ ಕೂವ್'. ಕನ್ಯಾಮಠದ ಕೋಳಿಗಳು ಕಾವು ಕೂತಿವೆ ಎಂದರ್ಥ. ಕೊನೆಯ ಎರಡು ಪದಗಳ ಕಾಗುಣಿತ ಒಂದೇ! ಮೊದಲನೆಯದು ಮಠ, ಎರಡನೆಯದು ಕ್ರಿಯಾಪದ. ಮಕ್ಕಳಿಗೆ ಇದೊಂದು ವಾಕ್ಯ ಹೇಳಿಕೊಟ್ಟರೆ ಅರ್ಧ ಪಾಠ ಮುಗಿದಂತೆ.

ತುಂಡು ಮಾಡುವ ನಿಯಮ ಅಷ್ಟೇನೂ ಕಷ್ಟವಲ್ಲ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ತುಂಡಿಗೆ ಹೋಗುತ್ತದೆ: 'ಎ-ಮೋಂ', ಅಂದರೆ ಪ್ರೀತಿಸುತ್ತೇವೆ. ಎರಡಿದ್ದರೆ ಸಾಮಾನ್ಯವಾಗಿ ನಡುವೆ ಸೀಳುತ್ತೇವೆ: 'ಪಾರ್-ಲೋಂ'. ವ್ರ, ತ್ರ, ಪ್ಲ ಥರದ ಜೋಡಿಗಳು ಮಾತ್ರ ನಮ್ಮ ಒತ್ತಕ್ಷರದ ಹಾಗೆ ಅಂಟಿಕೊಂಡೇ ಇರುತ್ತವೆ: 'ಉ-ವ್ರೋಂ', ತೆರೆಯುತ್ತೇವೆ.

ಇನ್ನೊಂದು ವಿಷಯ. ಫ್ರೆಂಚರ ನಾಲಿಗೆ ಪದದ ಕೊನೆಯಲ್ಲಿ ನಿಲ್ಲುವುದಿಲ್ಲ. 'ಅವನು ಪ್ರೀತಿಸುತ್ತಾನೆ' ಬರಹದಲ್ಲಿ 'ಇಲ್ ಎಮ್', ಬಾಯಲ್ಲಿ 'ಇ-ಲೆಮ್'. 'ಅವರು' ಆದರೆ ನಡುವೆ ಜ಼ಕಾರ ಹುಟ್ಟಿ 'ಇಲ್-ಜ಼ೆಮ್' ಆಗುತ್ತದೆ. ಬಿಡಿ ಕ್ರಿಯಾಪದವನ್ನಷ್ಟೇ ಕೊಟ್ಟರೆ ಇದು ಗೊತ್ತಾಗುವುದೇ ಇಲ್ಲ ಅಲ್ವಾ? ಹಾಗಾಗಿ ಸರ್ವನಾಮ ಸೇರಿಸಿಯೇ ಬಿಡಿಸಿ ಬರೆಯಿರಿ.

ಮುಂದಿನ ಪಾಠ 'ಇರು' ಮತ್ತು 'ಹೊಂದಿರು' ಕ್ರಿಯಾಪದಗಳದ್ದು ಎಂದಿದ್ದೀರಿ. 'ಇಲ್-ಸೋಂ' ಅಂದರೆ ಅವರು ಇದ್ದಾರೆ. 'ಇಲ್-ಜ಼ೋಂ' ಅಂದರೆ ಅವರ ಬಳಿ ಇದೆ. ದಯವಿಟ್ಟು ಅಚ್ಚಿಗೆ ಹೋಗುವ ಮುಂಚೆ ಸ ಮತ್ತು ಜ಼ ಅದಲುಬದಲಾಗಿಲ್ಲವೇ ಎಂದು ಯಾರಾದರೂ ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ.

ಇಂತಿ,
ಒಬ್ಬ ಫ್ರೆಂಚ್ ಶಿಕ್ಷಕಿ