ಕಡಲಿನ ಚಿಪ್ಪು, ಬೀದರದ ಗೋಡೆ

ಪ್ರಿಯ ಬಂಧುಗಳೇ,

ಊರಿಂದ ಅಪ್ಪ ಅಮ್ಮ ಇಲ್ಲಿ ಅಮೆರಿಕಕ್ಕೆ ಬಂದರೆ ನಾವು ಅವರನ್ನು ನ್ಯೂಪೋರ್ಟ್‌ನ ದಿ ಬ್ರೇಕರ್ಸ್ ಬಂಗಲೆಗೆ ಕರೆದುಕೊಂಡು ಹೋಗುತ್ತೇವೆ, ಅಲ್ವಾ? ರೈಲ್ವೆ ಸಿರಿವಂತ ಎರಡನೇ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಕಡಲ ದಂಡೆಯಲ್ಲಿ ಕಟ್ಟಿಸಿದ 70 ಕೋಣೆಗಳ ಮನೆ ಅದು. ಹಳೆಯ ಮರದ ಮನೆ 1892ರಲ್ಲಿ ಸುಟ್ಟುಹೋಗಿತ್ತು. ಆ ಭಯಕ್ಕೆ ಈ ಸಲ ಬಾಯ್ಲರನ್ನೂ ಮನೆಯಿಂದ ದೂರ, ನೆಲದಡಿ ಇಡಿಸಿದರು. ಸ್ನಾನದ ತೊಟ್ಟಿಯಲ್ಲಿ ಸಮುದ್ರದ ನೀರಿಗೇ ಬೇರೆ ನಲ್ಲಿ! 1895ರಲ್ಲಿ ಮನೆ ಮುಗಿಯಿತು, 1899ರಲ್ಲಿ ಯಜಮಾನರೇ ತೀರಿಹೋದರು. ಅಲ್ಲಿ ಮನೆಯವರ ಕತೆ ಹೇಳುತ್ತಾರೆ, ಅದಕ್ಕೇ ಇದೆಲ್ಲ ನಮಗೆ ನೆನಪಿದೆ.

ನಮ್ಮ ಬೀದರ ಕೋಟೆಯ ರಂಗೀನ್ ಮಹಲಿಗೂ ಅಂಥದೇ ಕತೆ ಇದೆ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಕೋಟೆ ಸುತ್ತಿದವರೇ. ತೋಪು ನೋಡಿದೆವು, ಬುತ್ತಿ ಬಿಚ್ಚಿ ಉಂಡೆವು, ಬಂದುಬಿಟ್ಟೆವು. ಈ ಮನೆಯಲ್ಲಿ ಯಾರಿದ್ದರು ಅಂತ ಕೇಳಲಿಲ್ಲ.

1487ರಲ್ಲಿ ಬಹಮನಿ ಸುಲ್ತಾನ ಮಹಮೂದ್ ಷಾನನ್ನು ಅರಮನೆಯೊಳಗೇ ಕೊಲ್ಲಲು ನೋಡಿದರು. ಆಮೇಲೆ ಅವನು ಗುಂಬಜ್ ದರವಾಜೆಯ ಹತ್ತಿರದ ಈ ಭದ್ರ ಜಾಗಕ್ಕೆ ಬಂದ. ಹೆಸರಿಗೆ ಸುಲ್ತಾನ, ಅಧಿಕಾರ ಮಾತ್ರ ಬರೀದ್ ಮನೆತನದ ಮಂತ್ರಿಗಳ ಕೈ ಸೇರಿತು. ಆ ಮನೆತನದಲ್ಲಿ ಮೊದಲು ಷಾ ಎಂದು ಕರೆಸಿಕೊಂಡ ಅಲಿ ಬರೀದ್ 1542ರಿಂದ 1580ರವರೆಗೆ ಆಳಿದ. ಮಹಲಿಗೆ ಈಗಿನ ರೂಪ ಕೊಟ್ಟವನು ಅವನೇ. ಅವನದು ಸಣ್ಣ ರಾಜ್ಯ. ಮಹಲೂ ದೊಡ್ಡದಲ್ಲ. ಆದರೆ ಕೆಲಸ ನೋಡಿ: ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚು, ಫಾರಸಿ ಸಾಲುಗಳು. ಕರಿಕಲ್ಲು ಕೊರೆದು ಅದರೊಳಗೆ ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಬಿದರಿ ಹೂಜಿಯ ಕಪ್ಪಿನಲ್ಲಿ ಬೆಳ್ಳಿ ಹೊಳೆದ ಹಾಗೆ ಅದು ಹೊಳೆಯುತ್ತದೆ. ಸಮುದ್ರವೇ ಇಲ್ಲದ ಊರಿಗೆ ಕಡಲಿನ ಚಿಪ್ಪು ತರಿಸಿ, ಕಲ್ಲಿನೊಳಗೆ ಕೂಡಿಸಿದ ಕೈಗಳವು. ನನಗೆ ಬ್ರೇಕರ್ಸ್‌ನ ಚಿನ್ನದ ಲೇಪಕ್ಕಿಂತ ಇದೇ ಜಾಸ್ತಿ ಇಷ್ಟ.

ಆಮೇಲೆ ಒಡೆಯರು ಬದಲಾಗುತ್ತಲೇ ಹೋದರು. 1619ರಲ್ಲಿ ವಿಜಯಪುರದ ಆದಿಲ್ ಷಾಹಿಗಳು, 1657ರಲ್ಲಿ ಔರಂಗಜೇಬ್, ಮುಂದೆ ನಿಜಾಮರು. ವಾಂಡರ್‌ಬಿಲ್ಟ್ ಮಗಳು ಗ್ಲ್ಯಾಡಿಸ್ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಬ್ರೇಕರ್ಸನ್ನು ಜನರಿಗೆ ತೆರೆಸಿದ್ದು 1948ರಲ್ಲಿ. ನಿಜಾಮರ ಆಳ್ವಿಕೆ ಮುಗಿದು ಬೀದರ ಭಾರತ ಸೇರಿದ್ದೂ ಅದೇ ವರ್ಷ.

ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಮಕ್ಕಳನ್ನು ರಂಗೀನ್ ಮಹಲಿಗೆ ಕರೆದುಕೊಂಡು ಹೋಗಿ. ಬೀಗ ಹಾಕಿದ್ದರೆ ಸುಮ್ನೆ ವಾಪಸ್ ಬರಬೇಡಿ, ಕೋಟೆಯ ಸಿಬ್ಬಂದಿಯನ್ನು ಕೇಳಿ. ಮನೆಯ ಹಿರಿಯರಿಗೆ ಕೋಟೆಯ ಹಳೆಯ ಮಾತು ಏನಾದರೂ ಗೊತ್ತಿದ್ದರೆ ಬರೆದುಕೊಂಡು ಬನ್ನಿ. ಯುಗಾದಿ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ತೆಗೆದಿಟ್ಟಿದ್ದೇವೆ.

ನಿಮ್ಮ ಸಂಪಾದಕ