ಆರೋಗ್ಯ ಮಾತೆಗೂ, ನಮ್ಮ ಜೊತೆ ನಿಂತ ಎಲ್ಲರಿಗೂ

ನಮ್ಮ ಮನೆಯವರಿಗೆ ಕಿಡ್ನಿ ಕಸಿ ಆಗಿ ಈ ವಾರಕ್ಕೆ ಒಂದು ವರ್ಷ ತುಂಬಿತು. ಮೊನ್ನೆಯ ರಿಪೋರ್ಟಿನಲ್ಲೂ ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸರಿಯಾಗಿದೆ. ದೇವರಿಗೆ ಸ್ತೋತ್ರ. ಮೊದಲ ವಂದನೆ ಇವರ ಅಕ್ಕನಿಗೆ, ನನ್ನ ಅತ್ತಿಗೆಗೆ. ತಮ್ಮನಿಗೆ ತನ್ನ ಕಿಡ್ನಿ ಕೊಟ್ಟು ಮಲಗಿದ್ದವರು ಎಚ್ಚರವಾದ ಕೂಡಲೇ ಕೇಳಿದ್ದು, "ಅವನಿಗೆ ಮೂತ್ರ ಬಂತಾ?" ಅದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ.

ಡಯಾಲಿಸಿಸ್ ನಡೆಯುತ್ತಿದ್ದಾಗ ಶನಿವಾರ ಬಂತೆಂದರೆ ನಾನು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಹೋಗುತ್ತಿದ್ದೆ. 1882ರ ಸೆಪ್ಟೆಂಬರ್ 8ರಂದು, ಮಾತೆಯ ಹುಟ್ಟುಹಬ್ಬದ ದಿನವೇ ಪ್ರತಿಷ್ಠಾಪನೆಗೊಂಡ ದೇವಾಲಯ ಅದು. ಸೀರೆಯುಟ್ಟ ಮಾತೆ, ತೋಳಲ್ಲಿ ಬಾಲಯೇಸು. ಸಾಲಿನಲ್ಲಿ ನನ್ನ ಮುಂದೆ ಬುರ್ಖಾ ತೊಟ್ಟ ತಾಯಿ, ಹಿಂದೆ ಕುಂಕುಮ ಇಟ್ಟ ಅಜ್ಜಿ, ಎಲ್ಲರ ಕೈಯಲ್ಲೂ ಮೇಣದಬತ್ತಿ. ಮೊದಮೊದಲು ನಾನು ತುಂಬ ಮಾತಾಡುತ್ತಿದ್ದೆ. ಇಂಥವರ ಕಿಡ್ನಿ ಹೊಂದಲಿ, ಇಷ್ಟರೊಳಗೆ ಆಪರೇಷನ್ ಆಗಲಿ, ಇಷ್ಟು ದುಡ್ಡು ಕೂಡಿಬರಲಿ. ಒಮ್ಮೆ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಬೈಬಲಿನಿಂದ ಕಾನಾ ಊರಿನ ಮದುವೆಯ ಶುಭಸಂದೇಶ ಓದಿದರು. ಅಲ್ಲಿ ಮರಿಯಮ್ಮ ಮಗ ಯೇಸುವಿಗೆ ಹೇಳುವುದು, ಅವರಲ್ಲಿ ದ್ರಾಕ್ಷಾರಸ ಮುಗಿದಿದೆ ಅಂತ, ಅಷ್ಟೇ. ಹೀಗೆ ಮಾಡು, ಹಾಗೆ ಮಾಡು ಅನ್ನುವುದಿಲ್ಲ. ಆಳುಗಳ ಕಡೆ ತಿರುಗಿ, ಆತ ಹೇಳಿದಂತೆ ಮಾಡಿ ಅನ್ನುತ್ತಾಳೆ. ಅವತ್ತಿನಿಂದ ನನ್ನ ಪ್ರಾರ್ಥನೆ ಚಿಕ್ಕದಾಯಿತು. "ಅಮ್ಮಾ, ಇವರಿಗೆ ತುಂಬ ಸುಸ್ತು." "ಅಮ್ಮಾ, ಕೈಯಲ್ಲಿ ದುಡ್ಡಿಲ್ಲ." ಉಳಿದದ್ದು ತಾಯಿ ಮಗನ ನಡುವಿನ ಮಾತು. ರಾತ್ರಿ ನಿದ್ದೆ ಬರತೊಡಗಿದ್ದೂ ಆಮೇಲೆಯೇ.

ಹರಕೆ ತೀರಿಸಲು ಹೋದ ತಿಂಗಳು ತಮಿಳುನಾಡಿನ ವೇಳಾಂಗಣಿಗೆ, ಆರೋಗ್ಯ ಮಾತೆಯ ಸನ್ನಿಧಿಗೆ ಹೋಗಿ ಬಂದೆವು. ಇವರು ಗುಂಪಿನಲ್ಲಿ ಓಡಾಡಬಾರದು, ಸೋಂಕಿನ ಭಯ. ಅದಕ್ಕೇ ಆಗಸ್ಟ್ 29ಕ್ಕೆ ಧ್ವಜ ಏರಿ ಸೆಪ್ಟೆಂಬರ್ 8ರವರೆಗೆ ನಡೆಯುವ ಹಬ್ಬದ ದಿನಗಳನ್ನು ಬಿಟ್ಟೆವು. ಮರಳು ಹಾಸಿದ ದಾರಿಯಲ್ಲಿ ಜನ ಮೊಣಕಾಲೂರಿ ಸಾಗುತ್ತಿದ್ದರು. ಅಲ್ಲಿನ ಐತಿಹ್ಯಗಳಲ್ಲಿ ನನಗೆ ಮಜ್ಜಿಗೆ ಮಾರುವ ಕುಂಟ ಹುಡುಗನದು ಬಹಳ ಹತ್ತಿರ. ಮಾತೆ ಅವನ ಬಳಿ ತನ್ನ ಮಗುವಿಗೆ ಮಜ್ಜಿಗೆ ಕೇಳುತ್ತಾಳೆ. ಅವನು ಕೊಡುತ್ತಾನೆ. ನಾಗಪಟ್ಟಣಕ್ಕೆ ಹೋಗಿ ಸುದ್ದಿ ಮುಟ್ಟಿಸು ಅಂದಾಗ ಎದ್ದವನು ಓಡಿಯೇಬಿಡುತ್ತಾನೆ. ಏನೂ ಇಲ್ಲದ ಹುಡುಗನ ಮುಂದೆ ಆ ತಾಯಿಯೂ ಕೈಚಾಚಿದಳಲ್ಲ ಎಂದು ಕಣ್ಣು ತುಂಬಿತು. ನನ್ನ ಪಕ್ಕದಲ್ಲೇ ಅತ್ತಿಗೆ ಕೂತಿದ್ದರು.

ಹರಕೆಯ ಅಂಗಡಿಯಲ್ಲಿ ತಗಡಿನಲ್ಲಿ ಅಚ್ಚೊತ್ತಿದ ಕಣ್ಣು, ಕಾಲು, ಎದೆ, ತೊಟ್ಟಿಲು, ಮನೆ ಎಲ್ಲ ಇದ್ದವು. ಕಿಡ್ನಿ ಕಾಣಲಿಲ್ಲ. ಅತ್ತಿಗೆ ಇಡೀ ಆಳಿನ ಅಚ್ಚನ್ನೇ ಆರಿಸಿದರು, ಒಂದು ಗಂಡು, ಒಂದು ಹೆಣ್ಣು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಅರ್ಪಿಸಿದರು.

ರಕ್ತ ಕೊಟ್ಟ ನಮ್ಮ ಧರ್ಮಕೇಂದ್ರದ (ನಮ್ಮ ಚರ್ಚಿನ) ಹುಡುಗರು, ಸಂಜೆ ಮನೆಗೆ ಬಂದು ಜಪಸರ ಹೇಳಿದ ನೆರೆಹೊರೆಯವರು, ಡಯಾಲಿಸಿಸ್ ದಿನ ಬಾಡಿಗೆ ಮುಟ್ಟದ ಆಟೋ ಅಣ್ಣ, ಸೂಜಿ ಚುಚ್ಚುವ ಮುಂಚೆ ಪ್ರತಿ ಸಲವೂ "ಅಂಕಲ್, ಸ್ವಲ್ಪ ನೋವಾಗುತ್ತೆ" ಎಂದು ಹೇಳುತ್ತಿದ್ದ ನರ್ಸಮ್ಮ, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ಬರುವ ಶನಿವಾರ ಬೆಸಿಲಿಕಾದಲ್ಲಿ ಕೃತಜ್ಞತಾ ಪೂಜೆಗೆ ಹೋಗುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಯಾರಾದರೂ ಡಯಾಲಿಸಿಸ್‌ನಲ್ಲಿದ್ದರೆ, ಕಿಡ್ನಿಗೆ ಕಾಯುತ್ತಿದ್ದರೆ, ಅವರ ಹೆಸರೊಂದನ್ನು ನನಗೆ ಕಳಿಸಿ. ಯಾವ ಧರ್ಮದವರಾದರೂ ಸರಿ, ಮಾತೆಯ ಮುಂದೆ ಹೇಳಿ ಬರುತ್ತೇನೆ.